ಮೀಲ್ ಕಿಟ್ ತರಿಸಿದರೆ ದುಡ್ಡು ಉಳಿಯುತ್ತಾ? ಎಡಿಸನ್‌ನ ಒಂದು ಸಸ್ಯಾಹಾರಿ ಮನೆಯ ಲೆಕ್ಕ

ಪೂರ್ತಿ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಮೀಲ್ ಕಿಟ್ (ಅಳತೆ ಮಾಡಿ ಮನೆಗೆ ಕಳಿಸುವ ಅಡುಗೆ ಸಾಮಾನು) ತರಿಸಿದರೆ ಉಳಿತಾಯವೋ ನಷ್ಟವೋ ಅನ್ನೋದು ಕಿಟ್‌ನ ಬೆಲೆ ನೋಡಿದರೆ ಗೊತ್ತಾಗುವುದಿಲ್ಲ. ಅದು ಬರದೇ ಇದ್ದಿದ್ದರೆ ಆ ರಾತ್ರಿ ನಿಮ್ಮ ಮನೆಯಲ್ಲಿ ಏನು ಊಟ ಆಗುತ್ತಿತ್ತು ಅಂತ ನೋಡಬೇಕು. ಹೋಟೆಲ್ ಊಟ ಆಗುತ್ತಿತ್ತು ಅಂದರೆ ಕಿಟ್ ಲಾಭ. ಅನ್ನ, ಹುಳಿ ಆಗುತ್ತಿತ್ತು ಅಂದರೆ ಕಿಟ್ ದಂಡ. ನಡುವೆ ಒಂದಷ್ಟು ಮನೆಗಳಿವೆ, ಮಿಕ್ಕಿದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ನಾಲ್ಕು ಜನರ ಮನೆ. ನ್ಯೂಜೆರ್ಸಿಯ ಎಡಿಸನ್, ಇಂಡಿಯನ್ ಅಂಗಡಿಗಳ ಸಾಲು ಇರುವ ಓಕ್ ಟ್ರೀ ರೋಡ್‌ಗೆ ಹತ್ತು ನಿಮಿಷ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತದೆ. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಕೆಲಸ, ಶಿಫ್ಟ್ ಇರುತ್ತದೆ, ಹಾಗಾಗಿ ವಾರದ ದಿನ ರಾತ್ರಿ ಅಡುಗೆ ಬಹುಪಾಲು ನನ್ನದೇ. ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಫ್ರಿಜ್ ಬಾಗಿಲು ತೆಗೆದು ಸುಮ್ನೆ ನಿಂತುಕೊಳ್ಳುವುದು ಇದೆಯಲ್ಲ, ಆ ಐದು ನಿಮಿಷದಲ್ಲೇ ಫೋನ್ ಕೈಗೆ ಬಂದು ಬಿರಿಯಾನಿ ಆರ್ಡರ್ ಆಗಿಬಿಡುತ್ತಿತ್ತು. ಅದನ್ನು ನಿಲ್ಲಿಸಬೇಕು ಅಂತ ಕಿಟ್ ಶುರು ಮಾಡಿದ್ದು. ಒಂದೂವರೆ ವರ್ಷದಲ್ಲಿ ನಾಲ್ಕು ಕಂಪನಿಯವರ ಬಾಕ್ಸ್ ತರಿಸಿ ನೋಡಿದ್ದೇವೆ, ಬಿಲ್ಲುಗಳೆಲ್ಲ ಇವೆ.

ಗೊತ್ತಿಲ್ಲದವರಿಗೆ ಒಂದು ಮಾತು. ಕಿಟ್ ಅಂದರೆ ಬೇಯಿಸಿದ ಊಟ ಅಲ್ಲ. ಅಳತೆ ಮಾಡಿ ಪ್ಯಾಕ್ ಮಾಡಿದ ತರಕಾರಿ, ಪಾಸ್ತಾ, ಚೀಸ್, ಸಾಸ್, ಜೊತೆಗೆ ಒಂದು ರೆಸಿಪಿ ಕಾರ್ಡ್. ಎಣ್ಣೆ, ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ನಿಮ್ಮದೇ. ಹೆಚ್ಚೋದೂ ನೀವೇ, ಪಾತ್ರೆ ತೊಳೆಯೋದೂ ನೀವೇ. ಕಂಪನಿಗಳು ತುಂಬಾ ಇವೆ ಅನ್ನಿಸುತ್ತದೆ, ಆದರೆ ಒಂದೇ ಮನೆಯ ಅಣ್ಣತಮ್ಮಂದಿರು ಜಾಸ್ತಿ. ಹಲೋಫ್ರೆಶ್ 2011ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು, ಅಗ್ಗದ ಎವ್ರಿಪ್ಲೇಟ್ ಅವರದ್ದೇ, ದುಬಾರಿ ಗ್ರೀನ್ ಶೆಫ್ ಕೂಡ ಅವರದ್ದೇ. ಡಿನ್ನರ್ಲಿ ಅನ್ನೋದು ಮಾರ್ಲಿ ಸ್ಪೂನ್‌ನವರ ಅಗ್ಗದ ಕಿಟ್. ಹೋಮ್ ಶೆಫ್ ಅನ್ನು 2018ರಲ್ಲಿ ಕ್ರೋಗರ್ ಸೂಪರ್‌ಮಾರ್ಕೆಟ್‌ನವರು ಕೊಂಡರು.

ತಟ್ಟೆಗೆ ಎಷ್ಟು?

ಹೋಲಿಸೋಕೆ ಒಂದೇ ಅಳತೆಗೋಲು ಬೇಕು. ನಾನು ಒಬ್ಬರ ಒಂದು ಹೊತ್ತಿನ ಊಟ ಅಂತ ಇಟ್ಟುಕೊಂಡೆ. ತಟ್ಟೆಗೆ ಇಷ್ಟು ಅಂತ ಲೆಕ್ಕ.

ಎಷ್ಟಕ್ಕೆ ಊಟ ಮಾಡಬಹುದು ಅನ್ನೋದಕ್ಕೆ ಸರ್ಕಾರದ್ದೇ ಒಂದು ಅಂಕಿ ಇದೆ. ಕಡಿಮೆ ಆದಾಯದವರಿಗೆ ಕೊಡುವ ಸ್ನ್ಯಾಪ್ ಅನ್ನೋ ಆಹಾರ ನೆರವು ನಾಲ್ಕು ಜನರ ಕುಟುಂಬಕ್ಕೆ 2025ರ ಹಣಕಾಸು ವರ್ಷದಲ್ಲಿ ತಿಂಗಳಿಗೆ ಹೆಚ್ಚೆಂದರೆ 975 ಡಾಲರ್. ಅಲಾಸ್ಕಾ, ಹವಾಯಿ ಬಿಟ್ಟು ಮಿಕ್ಕ 48 ರಾಜ್ಯಗಳಿಗೆ ಈ ಲೆಕ್ಕ. ಮೂರು ಹೊತ್ತು, ಮೂವತ್ತು ದಿನ, ನಾಲ್ಕು ಜನ ಅಂತ ಭಾಗಿಸಿದರೆ ತಟ್ಟೆಗೆ 2.70 ಡಾಲರ್ ಬರುತ್ತದೆ. ಮನೆಯಲ್ಲೇ ಅಡುಗೆ ಮಾಡಿ, ಹುಷಾರಾಗಿ ಖರ್ಚು ಮಾಡಿದರೆ ಸಾಕಾಗುತ್ತದೆ ಅಂತ ಕೃಷಿ ಇಲಾಖೆಯವರು ಹಾಕಿದ ಲೆಕ್ಕ ಅದು. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಈಗ ನಮ್ಮ ಅನ್ನ ಹುಳಿ. ನಾಲ್ಕು ಜನಕ್ಕೆ ಎರಡು ಕಪ್ ಸೋನಾ ಮಸೂರಿ, 20 ಪೌಂಡ್ ಚೀಲದ ಲೆಕ್ಕದಲ್ಲಿ ಒಂದು ಡಾಲರ್ ಚಿಲ್ಲರೆ. ಮುಕ್ಕಾಲು ಕಪ್ ತೊಗರಿಬೇಳೆ, 70 ಸೆಂಟ್. ಹುಳಿಗೂ ಪಲ್ಯಕ್ಕೂ ಸೇರಿ ತರಕಾರಿ ಎರಡೂವರೆ ಡಾಲರ್. ತೆಂಗಿನತುರಿ, ಹುಳಿಪುಡಿ, ಹುಣಸೆಹಣ್ಣು, ಎಣ್ಣೆ, ಒಗ್ಗರಣೆ ಎಲ್ಲ ಸೇರಿ ಒಂದು ಡಾಲರ್. ಮೊಸರು ಒಂದು ಡಾಲರ್. ಒಟ್ಟು ಆರೂವರೆ ಡಾಲರ್ ಒಳಗೇ. ತಟ್ಟೆಗೆ 1.60. ಅದರ ಮೇಲೆ ಒಂದು ಸೌಟು ಹುಳಿ ಮಿಕ್ಕೇ ಮಿಕ್ಕುತ್ತದೆ, ಮಾರನೇ ದಿನ ಇಡ್ಲಿಗೆ ಆಗುತ್ತದೆ.

ಕಿಟ್‌ನಲ್ಲಿ ನಾಲ್ಕು ಜನಕ್ಕೆ ವಾರಕ್ಕೆ ಮೂರು ಊಟ ಅಂದರೆ ಹನ್ನೆರಡು ತಟ್ಟೆ. ಹೆಸರುವಾಸಿ ಕಿಟ್‌ಗೆ ಸಾಗಾಣಿಕೆ ಸೇರಿ ನಾವು ಕೊಟ್ಟದ್ದು ಸುಮಾರು 130 ಡಾಲರ್. ಅಗ್ಗದ ಕಿಟ್‌ಗೆ ಸುಮಾರು 90. ಸಾಗಾಣಿಕೆ ಹತ್ತು ಹನ್ನೊಂದು ಡಾಲರ್ ಪ್ರತಿ ಬಾಕ್ಸ್‌ಗೂ ಇರುತ್ತದೆ, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಬೆಲೆಯಲ್ಲಿ ಅದು ಸೇರಿರುವುದಿಲ್ಲ.

ನಮ್ಮ ಬಿಲ್ಲುಗಳ ಪ್ರಕಾರ, ಹತ್ತಿಪ್ಪತ್ತು ಸೆಂಟ್ ಆಚೀಚೆ, ತಟ್ಟೆಗೆ ಹೀಗೆ:

ಅನ್ನ, ಹುಳಿ, ಪಲ್ಯ, ಮೊಸರು: 1.60 ಡಾಲರ್
ಫ್ರೋಜನ್ ಊಟ, ಮೈಕ್ರೋವೇವ್‌ಗೆ ಇಟ್ಟು ತಿನ್ನೋದು: 4ರಿಂದ 5
ಅಗ್ಗದ ಕಿಟ್: 7.50
ಹೆಸರುವಾಸಿ ಕಿಟ್: 11
ಟಿಫಿನ್ ಸರ್ವಿಸ್, ಮಾಡಿದ ಊಟ ಡಬ್ಬಿಯಲ್ಲಿ ಮನೆಗೆ ಬರೋದು: 11ರಿಂದ 13
ಹೋಟೆಲ್ ಊಟ, ನಾವೇ ಹೋಗಿ ತಂದರೆ: 17.50
ಅದೇ ಊಟ ಆ್ಯಪ್‌ನಲ್ಲಿ ತರಿಸಿದರೆ: 22

ಹೋಟೆಲ್ ಲೆಕ್ಕ ಜಾಸ್ತಿ ಹೇಳುತ್ತಿದ್ದೇನೆ ಅನ್ನಿಸಿದರೆ ನಿಮ್ಮದೇ ಹಳೇ ಬಿಲ್ ತೆಗೆದು ನೋಡಿ. ಎರಡು ಗ್ರೇವಿ, ಒಂದು ಬಿರಿಯಾನಿ, ನಾಲ್ಕು ನಾನ್, ಅಷ್ಟಕ್ಕೇ 62. ಬೇಯಿಸಿದ ಊಟಕ್ಕೆ ನ್ಯೂಜೆರ್ಸಿಯಲ್ಲಿ 6.625% ತೆರಿಗೆ, ಮೇಲೆ ಸ್ವಲ್ಪ ಟಿಪ್ಸ್. 70 ಆಯಿತು. ಆ್ಯಪ್‌ನಲ್ಲಾದರೆ ಮೆನು ಬೆಲೆಯೇ ಜಾಸ್ತಿ, ಸರ್ವಿಸ್ ಚಾರ್ಜ್ ಬೇರೆ, ತಂದುಕೊಡುವ ಹುಡುಗನಿಗೆ ಬೇರೆ.

ಈಗ ಕೂಡಿ ಕಳೆಯಿರಿ. ವಾರಕ್ಕೆ ಮೂರು ರಾತ್ರಿ ಹೋಟೆಲ್‌ನಿಂದ ತರುತ್ತಿದ್ದವರು ಆ ಮೂರೂ ರಾತ್ರಿ ಹೆಸರುವಾಸಿ ಕಿಟ್ ಮಾಡಿದರೆ 210ರ ಬದಲು 130, ವಾರಕ್ಕೆ 80 ಡಾಲರ್ ಉಳಿಯಿತು. ಅಗ್ಗದ ಕಿಟ್ ಆದರೆ 120. ಆದರೆ ಆ ಮೂರು ರಾತ್ರಿ ಹುಳಿ ಮಾಡುತ್ತಿದ್ದವರಿಗೆ 20 ಡಾಲರ್‌ನ ಕೆಲಸಕ್ಕೆ 130 ಹೋಯಿತು. ಕಿಟ್ ಅದೇ, ಬಾಕ್ಸ್ ಅದೇ, ಒಬ್ಬರಿಗೆ ಉಳಿತಾಯ, ಇನ್ನೊಬ್ಬರಿಗೆ ಬೊಕ್ಕಸಕ್ಕೆ ತೂತು.

ನಮ್ಮ ಮನೆಯಲ್ಲಿ ಆದದ್ದು ಏನು ಗೊತ್ತಾ? ಮೊದಲ ಎರಡು ತಿಂಗಳು ಕಿಟ್ ಊಟ ಸೋಮವಾರ, ಮಂಗಳವಾರ ಮಾಡಿ ಮುಗಿಸಿಬಿಡುತ್ತಿದ್ದೆ, ತರಕಾರಿ ಬಾಡುತ್ತದೆ ಅನ್ನೋ ಗಡಿಬಿಡಿ. ಸೋಮವಾರ ಮಂಗಳವಾರ ನಾನು ಹೇಗೂ ಅಡುಗೆ ಮಾಡುತ್ತಿದ್ದ ದಿನಗಳು. ಹೊರಗಿನ ಊಟ ತರುತ್ತಿದ್ದದ್ದು ಗುರುವಾರ, ಶುಕ್ರವಾರ, ಮೈಯಲ್ಲಿ ಜೀವ ಇಲ್ಲದ ದಿನ. ಹಾಗಾಗಿ ಕಿಟ್‌ನ ದುಡ್ಡೂ ಹೋಯಿತು, ಬಿರಿಯಾನಿ ದುಡ್ಡೂ ಹೋಯಿತು. ಎರಡು ತಿಂಗಳ ಬಿಲ್ ಒಟ್ಟು ಮಾಡಿ ನೋಡಿದಾಗ ಊಟದ ಖರ್ಚು ಕಡಿಮೆ ಆಗೋ ಬದಲು ಏರಿತ್ತು. ಆಮೇಲೆ ಬಾಕ್ಸ್ ಬುಧವಾರ ಬರೋ ಹಾಗೆ ಬದಲಿಸಿದೆ, ಗುರುವಾರ ಶುಕ್ರವಾರಕ್ಕೆ ಮಾತ್ರ ಕಿಟ್ ಅಂತ ಕಟ್ಟುನಿಟ್ಟು ಮಾಡಿದೆ. ಅಲ್ಲಿಂದ ಉಳಿಯೋಕೆ ಶುರುವಾಯಿತು. ಬೇರೆ ಏನು ಮರೆತರೂ ಪರವಾಗಿಲ್ಲ, ಬಾಕ್ಸ್ ವಾರದ ಯಾವ ದಿನ ಬರಬೇಕು ಅನ್ನೋದನ್ನು ಮಾತ್ರ ಯೋಚಿಸಿ ಆರಿಸಿ.

ಸಸ್ಯಾಹಾರಿಗಳ ಕಷ್ಟ

ಹೆಚ್ಚಿನ ಕಿಟ್‌ಗಳಲ್ಲಿ ಸಾಮಾನ್ಯ ಊಟ ಎಲ್ಲಕ್ಕೂ ಒಂದೇ ಬೆಲೆ. ಚಿಕನ್ ಆರಿಸಿದರೂ ಅಷ್ಟೇ, ಅಣಬೆ ಪಾಸ್ತಾ ಆರಿಸಿದರೂ ಅಷ್ಟೇ. ಮಾಂಸ ತಿನ್ನುವವರಿಗೆ ಆ ದುಡ್ಡಿಗೆ ಕೋಳಿಯೋ ಹಂದಿಯೋ ಸಿಗುತ್ತದೆ, ಅಂಗಡಿಯಲ್ಲಿ ಕೊಂಡರೂ ಅದಕ್ಕೆ ಒಂದಷ್ಟು ಆಗುತ್ತಿತ್ತು, ಹಾಗಾಗಿ ಅವರಿಗೆ ಅಂತರ ಕಡಿಮೆ. ನಮಗೆ ಸಿಗೋದು ಒಂದು ಝುಕಿನಿ, ಒಂದು ಹಿಡಿ ಪಾಸ್ತಾ, ಒಂದು ಪುಟ್ಟ ಪ್ಯಾಕೆಟ್ ಚೀಸ್. ಪಕ್ಕದ ಮನೆಯವರು ಕಿಟ್‌ನಿಂದ ಉಳಿಸುತ್ತಿದ್ದಾರೆ ಅಂತ ನೀವೂ ತರಿಸುವ ಮುಂಚೆ ಅವರು ಏನು ತಿನ್ನುತ್ತಾರೆ ಅಂತ ಕೇಳಿ.

ಚೀಸ್ ಅಂದೆನಲ್ಲ, ಅದರದ್ದೂ ಒಂದು ಕಥೆ ಇದೆ. ನಿಜವಾದ ಇಟಲಿಯ ಪಾರ್ಮೆಸಾನ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹಾಲು ಗಟ್ಟಿ ಮಾಡುವ ಪದಾರ್ಥ ಬಳಸುತ್ತಾರೆ. ಅಮೆರಿಕದಲ್ಲಿ ಮಾಡಿದ ಕೆಲವು ಚೀಸ್‌ನಲ್ಲಿ ಇರುವುದಿಲ್ಲ, ಕೆಲವದರಲ್ಲಿ ಇರುತ್ತದೆ. ವೆಜ್ಜಿ ಅಂತ ಗುರುತು ಹಾಕಿದ ಊಟದಲ್ಲೂ ಪಾರ್ಮೆಸಾನ್ ಬರುತ್ತದೆ. ಇದು ನಿಮಗೆ ಮುಖ್ಯ ಅಂದರೆ ಪದಾರ್ಥಗಳ ಪಟ್ಟಿ ಓದಲೇಬೇಕು, ಇಲ್ಲ ಅಂದರೆ ಹಾಲು, ಮೊಟ್ಟೆಯೂ ಇಲ್ಲದ ಪೂರ್ತಿ ವೀಗನ್ ಕಿಟ್ ಆದ ಪರ್ಪಲ್ ಕ್ಯಾರೆಟ್ ಕಡೆ ಹೋಗಬೇಕು, ಅಲ್ಲಿ ಬೆಲೆ ಇನ್ನೂ ಮೇಲೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರು ಈ ಕಡೆ ತಲೆ ಹಾಕೋದೇ ಬೇಡ.

ಇನ್ನು ಪ್ರಮಾಣ. ಕಾರ್ಡ್‌ನಲ್ಲಿ ಇಬ್ಬರಿಗೆ ಅಂದರೆ ಇಬ್ಬರಿಗೇ, ಒಂದು ತುತ್ತು ಆ ಕಡೆ ಇಲ್ಲ. ನಮ್ಮ ಮನೆಯಲ್ಲಿ ಟಾಕೋ ತಿಂದ ಮೇಲೂ ದೊಡ್ಡವರಿಬ್ಬರಿಗೂ ಒಂದು ಹಿಡಿ ಮೊಸರನ್ನ ಬೇಕೇ ಬೇಕು, ಮಗನಿಗೆ ಸಾಸ್ ಹಿಡಿಸದಿದ್ದರೆ ಒಂದು ದೋಸೆ. ಅದಕ್ಕೆ ಕುಕ್ಕರ್ ಇಡೋದಾದರೆ ಕಿಟ್ ಯಾಕೆ ಅಂತ ಅತ್ತೆ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನದ ಲಂಚ್ ಬಾಕ್ಸ್‌ಗೂ ಏನೂ ಮಿಕ್ಕುವುದಿಲ್ಲ. ಹುಳಿ ಮಾಡಿದರೆ ಮಧ್ಯಾಹ್ನದ ಖರ್ಚೂ ತಪ್ಪುತ್ತದೆ, ಇದನ್ನು ಯಾವ ಹೋಲಿಕೆಯಲ್ಲೂ ಯಾರೂ ಬರೆಯುವುದಿಲ್ಲ.

ಚಿಕ್ಕ ಅಳತೆಗೆ ಕೊಡುವ ದುಡ್ಡು

ಅತ್ತೆ ಹಾಸನದಿಂದ ಬಂದಿದ್ದಾಗ ಬಾಕ್ಸ್ ಬಿಚ್ಚಿ ನೋಡಿದರು. ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ, ಎರಡು ಕಡ್ಡಿ ಕೊತ್ತಂಬರಿ. ಬೆಳ್ಳುಳ್ಳಿಗೆ ಎಸಳು ಲೆಕ್ಕದಲ್ಲಿ ವ್ಯಾಪಾರವಾ ಅಂತ ನಕ್ಕಿದ್ದೇ ನಕ್ಕಿದ್ದು. ಆದರೆ ಅವರ ಊರಿನಲ್ಲಿ ತಳ್ಳುಗಾಡಿಯವರು ಮಾಡೋದೂ ಇದನ್ನೇ ಅಲ್ವಾ? ಕಾಲು ಕೇಜಿ ಬೀನ್ಸ್ ಕೊಂಡರೆ ಒಂದು ಕಡ್ಡಿ ಕರಿಬೇವು, ನಾಲ್ಕು ಎಲೆ ಕೊತ್ತಂಬರಿ ಮೇಲೆ ಹಾಕಿ ಕೊಡುತ್ತಾರೆ. ಆವತ್ತಿಗೆ ಎಷ್ಟು ಬೇಕೋ ಅಷ್ಟು. ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಅದು ಸಿಗುವುದಿಲ್ಲ. ಸೆಲರಿ ಒಂದು ಕಡ್ಡಿ ಬೇಕಿದ್ದರೆ ಕಟ್ಟು ಕೊಳ್ಳಬೇಕು. ಇಂಡಿಯನ್ ಅಂಗಡಿಯಲ್ಲೂ ಕರಿಬೇವಿಗೆ ಪ್ಯಾಕೆಟ್ ಲೆಕ್ಕ, ದುಡ್ಡು ಕೊಟ್ಟೇ ತರಬೇಕು. ಕರಿಬೇವು ಕಿತ್ತಳೆ, ನಿಂಬೆ ಜಾತಿಯ ಗಿಡ, ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟ ಇದರ ಮೇಲೂ ಕೂರುತ್ತದೆ ಅಂತ ಹೊರದೇಶದಿಂದ ತರೋಕೆ ನಿರ್ಬಂಧ ಇದೆ.

ಹಾಗಾಗಿ ಕಿಟ್‌ನವರು ಮಾರುತ್ತಿರೋದು ಅಡುಗೆ ಅಲ್ಲ, ಚಿಕ್ಕ ಅಳತೆ. ಅದಕ್ಕೆ ಬೆಲೆ ಇದೆ, ನಿಜ. ಅಮೆರಿಕದಲ್ಲಿ ಬೆಳೆದು ತಂದ ಆಹಾರದಲ್ಲಿ 30ರಿಂದ 40% ವ್ಯರ್ಥವಾಗುತ್ತದೆ ಅಂತ ಕೃಷಿ ಇಲಾಖೆಯದ್ದೇ ಅಂದಾಜು. ನಿಮ್ಮ ಫ್ರಿಜ್‌ನ ತರಕಾರಿ ಡಬ್ಬದ ತಳದಲ್ಲಿ ವಾರಕ್ಕೊಮ್ಮೆ ಕೊತ್ತಂಬರಿ ಕಪ್ಪಾಗಿ ನೀರಾಗಿ ಸಿಗುತ್ತದೆ ಅಂದರೆ ನೀವೂ ಆ ಲೆಕ್ಕದಲ್ಲಿ ಇದ್ದೀರಿ. ಆದರೆ ನಾಲ್ಕು ಜನರ ಮನೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಖರ್ಚಾಗುತ್ತದೆ, ಒಬ್ಬರೇ ಇದ್ದರೆ ಆಗುವುದಿಲ್ಲ. ಅದಕ್ಕೇ ನನ್ನ ಮಟ್ಟಿಗೆ ಕಿಟ್ ನಿಜವಾಗಿ ಹೊಂದೋದು ಒಂಟಿಯಾಗಿ ಇರುವವರಿಗೆ. ಜೆರ್ಸಿ ಸಿಟಿಯಲ್ಲಿ ಒಂದು ರೂಮ್ ಮಾಡಿಕೊಂಡು ಮ್ಯಾನ್‌ಹ್ಯಾಟನ್‌ಗೆ ಕೆಲಸಕ್ಕೆ ಹೋಗುವ ನನ್ನ ಕಸಿನ್ ಇಬ್ಬರ ಕಿಟ್ ತರಿಸುತ್ತಾನೆ. ಒಂದು ತಟ್ಟೆ ರಾತ್ರಿ, ಇನ್ನೊಂದು ಡಬ್ಬಿಗೆ. ಮೂರು ಊಟದ ಬಾಕ್ಸ್‌ಗೆ 80 ಡಾಲರ್ ಕೊಡುತ್ತಾನೆ, ತಟ್ಟೆಗೆ 13 ಚಿಲ್ಲರೆ, ಕೇಳೋಕೆ ಜಾಸ್ತಿ. ಆದರೆ ಆಫೀಸ್ ಪಕ್ಕದ ಅಂಗಡಿಯ ಸಲಾಡ್‌ಗೇ ಅವನು ಹದಿನೈದು ಹದಿನಾರು ಕೊಡುತ್ತಿದ್ದ, ರಾತ್ರಿ ಮತ್ತೆ ಆ್ಯಪ್. ಅವನಿಗೆ ವಾರಕ್ಕೆ ಕಡಿಮೆ ಅಂದರೂ 30 ಡಾಲರ್ ಉಳಿಯುತ್ತಿದೆ.

ಐಸ್ ಪ್ಯಾಕ್, ರಟ್ಟು, ಪ್ಲಾಸ್ಟಿಕ್ ನೋಡಿ ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಆದರೂ ಮಿಶಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಅದೇ ಊಟಗಳನ್ನು ಎರಡೂ ರೀತಿ ಹೋಲಿಸಿ ನೋಡಿದಾಗ ಅಂಗಡಿಯಿಂದ ತಂದು ಮಾಡಿದ್ದಕ್ಕೇ ಹಸಿರುಮನೆ ಅನಿಲ ಸರಾಸರಿ 33% ಹೆಚ್ಚು ಬಂತು. ಅಂಗಡಿಯಲ್ಲಿ, ಮನೆಯಲ್ಲಿ ಎಸೆಯೋದು ಅಷ್ಟಿದೆ.

ಫ್ರೀ ಊಟದ ಗುಟ್ಟು

ಹತ್ತು ಊಟ ಫ್ರೀ ಅಂತ ಕಾರ್ಡ್ ಬಂದಿರುತ್ತದೆ. ಆ ಹತ್ತೂ ಊಟ ಒಂದೇ ಬಾಕ್ಸ್‌ನಲ್ಲಿ ಬರುವುದಿಲ್ಲ. ಮೊದಲ ಬಾಕ್ಸ್‌ಗೆ ದೊಡ್ಡ ರಿಯಾಯಿತಿ, ಆಮೇಲಿನದಕ್ಕೆ ಚಿಕ್ಕದು, ಹಾಗೇ ಹಂಚಿರುತ್ತಾರೆ, ಪ್ರತಿ ಬಾಕ್ಸ್‌ಗೂ ಸಾಗಾಣಿಕೆ ಇದ್ದೇ ಇರುತ್ತದೆ. ನಾವು ಒಂದು ಕಂಪನಿಯಲ್ಲಿ ಕೊಟ್ಟದ್ದು ಕ್ರಮವಾಗಿ 58, 95, 105, 130. ನಾಲ್ಕೂ ಸೇರಿ 388 ಡಾಲರ್, 48 ತಟ್ಟೆ, ತಟ್ಟೆಗೆ 8 ಡಾಲರ್. ಫ್ರೀ ಅನ್ನೋ ಪದ ತೆಗೆದುಬಿಟ್ಟರೆ ಒಳ್ಳೆಯ ರಿಯಾಯಿತಿಯೇ, ಆದರೆ ಅಗ್ಗದ ಕಿಟ್‌ನ ಪೂರ್ತಿ ಬೆಲೆ 7.50 ಇತ್ತು ಅನ್ನೋದು ನೆನಪಿರಲಿ.

ಈ ರಿಯಾಯಿತಿಯ ಆಟ ಕಂಪನಿಗಳಿಗೂ ಒಳ್ಳೆಯದು ಮಾಡಿಲ್ಲ. ಬ್ಲೂ ಏಪ್ರನ್ ಅನ್ನೋ ಕಿಟ್ ಕಂಪನಿ 2017ರಲ್ಲಿ ಷೇರಿಗೆ 10 ಡಾಲರ್‌ನಂತೆ ಷೇರು ಮಾರುಕಟ್ಟೆಗೆ ಬಂತು, ಆಮೇಲೆ ಬೆಲೆ ಕುಸಿದು 2023ರಲ್ಲಿ ವಂಡರ್ ಅನ್ನೋ ಕಂಪನಿ ಅದನ್ನು ಸುಮಾರು 10 ಕೋಟಿ ಡಾಲರ್‌ಗೆ ಕೊಂಡಿತು. ಜನ ರಿಯಾಯಿತಿಗೆ ಬರುತ್ತಾರೆ, ಮುಗಿದ ಮೇಲೆ ಹೋಗುತ್ತಾರೆ. ಹೊಸಬರನ್ನು ಕರೆಯೋಕೆ ಸುರಿದ ದುಡ್ಡನ್ನು ಉಳಿದುಕೊಂಡವರ ಬಾಕ್ಸ್‌ನಿಂದಲೇ ವಸೂಲಿ ಮಾಡಬೇಕು. ಹಾಗಾಗಿ ನಿಯತ್ತಿನ ಗ್ರಾಹಕ ಆಗೋದರಲ್ಲಿ ಇಲ್ಲಿ ಏನೂ ಲಾಭ ಇಲ್ಲ. ರಿಯಾಯಿತಿ ಮುಗಿದ ದಿನ ನಿಲ್ಲಿಸಿ. ಕೆಲವು ವಾರ ಬಿಟ್ಟು ವಾಪಸ್ ಬನ್ನಿ ಅಂತ ಅರ್ಧ ಬೆಲೆಯ ಮೇಲ್ ಬಂದರೆ ಆಗ ಒಂದು ಬಾಕ್ಸ್ ತರಿಸಿ, ಮತ್ತೆ ನಿಲ್ಲಿಸಿ. ನಾಚಿಕೆ ಪಡಬೇಕಾಗಿಲ್ಲ.

ನಿಲ್ಲಿಸೋದು ಮರೆತರೆ ಏನಾಗುತ್ತದೆ ಅಂತ ನನಗೆ ಗೊತ್ತು. ಇದು ಚಂದಾ ಇದ್ದ ಹಾಗೆ, ನೀವು ಬೇಡ ಅನ್ನೋವರೆಗೂ ಪ್ರತಿ ವಾರ ತಾನಾಗೇ ಬರುತ್ತದೆ, ಬೇಡ ಅಂತ ಬಾಕ್ಸ್ ಹೊರಡೋಕೆ ಕೆಲವು ದಿನ ಮುಂಚೆಯೇ ಒತ್ತಬೇಕು. ನಾವು ನಯಾಗರಕ್ಕೆ ಹೋಗಿದ್ದ ವಾರ ಒಂದು ಕಂಪನಿಯ ಬಾಕ್ಸ್ ಜುಲೈ ಬಿಸಿಲಲ್ಲಿ ಮೂರು ದಿನ ಬಾಗಿಲಲ್ಲಿ ಕೂತಿತ್ತು. 130 ಡಾಲರ್. ಫೋನ್ ಮಾಡಿದರೆ ಗಡುವು ದಾಟಿದೆ ಅಂದರು, ತಪ್ಪು ನನ್ನದೇ ಆದ್ದರಿಂದ ಜಗಳಕ್ಕೂ ದಾರಿ ಇರಲಿಲ್ಲ. ಈಗ ಸೇರಿದ ದಿನವೇ ಮುಂದಿನ ಐದಾರು ವಾರಕ್ಕೂ ಸ್ಕಿಪ್ ಒತ್ತಿಬಿಡುತ್ತೇನೆ, ಬೇಕಾದ ವಾರ ಮಾತ್ರ ತೆಗೆಯುತ್ತೇನೆ.

ಟಿಫಿನ್, ಫ್ರೋಜನ್

ಟಿಫಿನ್ ಸರ್ವಿಸ್ ಬೆಲೆಯಲ್ಲಿ ಹೆಸರುವಾಸಿ ಕಿಟ್‌ನ ಆಸುಪಾಸು, ಆದರೆ ಅಡುಗೆ ಆಗಿ ಬಂದಿರುತ್ತದೆ, ಅದೇ ದೊಡ್ಡದು. ಬಾಣಂತಿ ಇರುವ ಮನೆಗೆ, ಊರಿಂದ ಅಮ್ಮನಿಗೆ ವೀಸಾ ಸಿಗದೆ ಗಂಡ ಹೆಂಡತಿ ಇಬ್ಬರೇ ಒದ್ದಾಡುವ ಮನೆಗೆ, ಕಿಟ್ ಅಲ್ಲ, ಟಿಫಿನ್ನೇ ಸರಿ. ಸುತ್ತಮುತ್ತ ಗುಜರಾತಿ, ಪಂಜಾಬಿ ಊಟವೇ ಜಾಸ್ತಿ, ಹುಳಿ ಸಿಕ್ಕರೂ ಸಿಹಿಯಾಗಿರುತ್ತದೆ. ಒಂದು ವಿಷಯ ವಿಚಾರಿಸಿಕೊಳ್ಳಿ. ನ್ಯೂಜೆರ್ಸಿಯಲ್ಲಿ 2021ರಲ್ಲಿ ಮನೆಯಿಂದ ಮಾರೋಕೆ ಅವಕಾಶ ಕೊಟ್ಟರೂ ಅದು ಕೇಕ್, ಕುಕ್ಕಿ ತರಹದ ಬೇಗ ಕೆಡದ ತಿಂಡಿಗಳಿಗೆ ಮಾತ್ರ. ಬಿಸಿ ಊಟಕ್ಕೆ ಪರವಾನಗಿ ಇರುವ ಅಡುಗೆಮನೆ ಬೇಕು.

ಫ್ರೋಜನ್ ಬಗ್ಗೆ ಹೆಚ್ಚು ಹೇಳೋದಿಲ್ಲ. ನಾಲ್ಕೈದು ಡಾಲರ್‌ಗೆ ಪನೀರ್ ಮಸಾಲಾ ಅನ್ನ ಸಿಗುತ್ತದೆ, ಉಪ್ಪು ಜಾಸ್ತಿ, ತಿಂಗಳಿಗೆ ನಾಲ್ಕು ಪ್ಯಾಕೆಟ್ ಫ್ರೀಜರ್‌ನಲ್ಲಿ ಇದ್ದರೆ ಒಂದು ಹೋಟೆಲ್ ಬಿಲ್ ತಪ್ಪುತ್ತದೆ. ದುಡ್ಡಿನ ಲೆಕ್ಕ ಒಂದನ್ನೇ ನೋಡಿದರೆ ಕಿಟ್‌ಗಿಂತ ಇದೇ ಮೇಲು.

ನಮ್ಮದೇ ಕಿಟ್

ಕೊನೆಗೆ ನಾವು ಬಂದು ನಿಂತದ್ದು ಇಲ್ಲಿ. ಕಿಟ್‌ನಿಂದ ನನಗೆ ನಿಜವಾಗಿ ಬೇಕಾಗಿದ್ದದ್ದು ಝುಕಿನಿ ಅಲ್ಲ, ಆರೂವರೆಗೆ ಏನು ಮಾಡಲಿ ಅಂತ ಯೋಚಿಸದೇ ಇರೋದು. ಅದನ್ನು ಮನೆಯಲ್ಲೇ ಮಾಡಬಹುದು. ಭಾನುವಾರ ಅರ್ಧ ಗಂಟೆ ಕೂತು ಮೂರು ಜಿಪ್‌ಲಾಕ್ ಚೀಲ ತುಂಬುತ್ತೇನೆ. ಮುಕ್ಕಾಲು ಕಪ್ ಬೇಳೆ, ಚಿಟಿಕೆ ಅರಿಶಿನ, ಒಂದು ಚಿಕ್ಕ ಪೊಟ್ಟಣದಲ್ಲಿ ಎರಡು ಚಮಚ ಹುಳಿಪುಡಿ. ಮೇಲೆ ಸ್ಕೆಚ್ ಪೆನ್‌ನಲ್ಲಿ ನುಗ್ಗೆಕಾಯಿ, ಬೀನ್ಸ್, ಅವರೆಕಾಳು ಅಂತ ಬರೆಯೋದು. ತರಕಾರಿ ಫ್ರೀಜರ್‌ನಿಂದ. ಹೆಚ್ಚಿದ ನುಗ್ಗೆಕಾಯಿ, ತುರಿದ ತೆಂಗಿನಕಾಯಿ ಇಂಡಿಯನ್ ಅಂಗಡಿಯ ಫ್ರೀಜರ್‌ನಲ್ಲಿ ವರ್ಷಪೂರ್ತಿ ಇರುತ್ತವೆ. ಅವರೆಕಾಳು ಅಂತ ಹುಡುಕಬೇಡಿ, ಸುರ್ತಿ ಪಾಪ್ಡಿ ಲಿಲ್ವಾ ಅಂತ ಹುಡುಕಿ. ಗುಜರಾತಿಗಳ ಹೆಸರಿನಲ್ಲಿ ನಮ್ಮ ಅವರೆಕಾಳೇ ಕೂತಿರುತ್ತದೆ, ಸೊಗಡು ಕಡಿಮೆ, ಆದರೂ ನಡೆಯುತ್ತದೆ. ಇನ್‌ಸ್ಟಂಟ್ ಪಾಟ್ ಅನ್ನೋ ಎಲೆಕ್ಟ್ರಿಕ್ ಕುಕ್ಕರ್‌ನಲ್ಲಿ ಕೆಳಗೆ ಬೇಳೆ, ಮೇಲೊಂದು ಪಾತ್ರೆಯಲ್ಲಿ ಅನ್ನ. ಅರ್ಧ ಗಂಟೆಯಲ್ಲಿ ಊಟ. ಕಿಟ್‌ನ ಕಾರ್ಡ್‌ನಲ್ಲಿ ಮೂವತ್ತು ನಿಮಿಷ ಅಂತ ಬರೆದಿರುತ್ತದೆ, ನನಗೆ ಒಂದು ದಿನವೂ ನಲವತ್ತೈದಕ್ಕಿಂತ ಮುಂಚೆ ಆಗಿಲ್ಲ.

ಆದರೆ ಮಕ್ಕಳು ಕಿಟ್‌ನ ರುಚಿ ಹಿಡಿದುಬಿಟ್ಟಿದ್ದಾರೆ, ವಾರಕ್ಕೊಮ್ಮೆ ಟಾಕೋನೋ ಪಾಸ್ತಾನೋ ಆಗಲೇಬೇಕು. ಅದಕ್ಕೂ ಬಾಕ್ಸ್ ಬೇಕಾಗಿಲ್ಲ. ಹಲೋಫ್ರೆಶ್‌ನವರ ರೆಸಿಪಿಗಳು ಅವರ ವೆಬ್‌ಸೈಟ್‌ನಲ್ಲೇ ಇವೆ, ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ಬಂದ ಕಾರ್ಡುಗಳನ್ನೂ ನಾವು ಎಸೆದಿಲ್ಲ, ಅರವತ್ತರ ಹತ್ತಿರ ಇವೆ. ಮಗಳು ಶನಿವಾರ ಒಂದು ಕಾರ್ಡ್ ಆರಿಸಿ ಫ್ರಿಜ್‌ಗೆ ಅಂಟಿಸುತ್ತಾಳೆ, ಆಲ್ಡಿ ಸೂಪರ್‌ಮಾರ್ಕೆಟ್‌ಗೆ ಹೋದಾಗ ಅದರಲ್ಲಿ ಇರುವುದನ್ನು ತರುತ್ತೇವೆ, ಮಿಕ್ಕ ಚೀಸ್ ಮಾರನೇ ದಿನ ದೋಸೆ ಮೇಲೆ. ತಟ್ಟೆಗೆ 3 ಡಾಲರ್ ಬೀಳುತ್ತದೆ. ಕಳೆದ ವಾರ ಕಪ್ಪು ಬೀನ್ಸ್ ಟಾಕೋ ಮಾಡಿದ್ದೆವು, ಸಾಸ್ ಬದಲು ಮನೆಯ ಚಟ್ನಿಪುಡಿ ಉದುರಿಸಿದಳು. ಮಗ ಎರಡು ತಿಂದ, ದೋಸೆ ಕೇಳಲಿಲ್ಲ.